ನೀಲಗಂಗಮ್ಮನವರ ಕೈಗುಣ

ಬಸವೇಶ್ವರನಗರ, ಮೂರನೇ ಹಂತ
ಗುರುವಾರ, ೧೨ ಮಾರ್ಚ್ ೨೦೨೬

ಸೌಮ್ಯಶ್ರೀಗೆ ನಿನ್ನ ಅತ್ತೆ ನೀಲಗಂಗಮ್ಮನ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ, ಅಲ್ಲಿಯ ಕ್ಷೇಮಕ್ಕೆ ಬರೆಯಿರಿ ಎಂದು ಮೊದಲ ಸಾಲು ಇರಬೇಕೆಂದು ಹರಿಹರದ ಶಾಲೆಯಲ್ಲಿ ಮೂವತ್ತಾರು ವರ್ಷ ಮಕ್ಕಳಿಗೆ ಕಲಿಸಿದ್ದೇನೆ. ಇಲ್ಲಿ ಯಾರೂ ಕ್ಷೇಮವಾಗಿಲ್ಲ. ಅಲ್ಲಿ ನೀವೂ ಕ್ಷೇಮವಾಗಿಲ್ಲವೆಂದು ಗೊತ್ತಿದೆ. ಹಾಗಾಗಿ ಆ ಸಾಲನ್ನು ಬಿಟ್ಟಿದ್ದೇನೆ.

ಮೂರು ಸಲ ಫೋನು ಮಾಡಿದೆ, ನೀನು ಎತ್ತಲಿಲ್ಲ. ಎತ್ತದೆ ಇದ್ದದ್ದೇ ಒಳ್ಳೆಯದಾಯಿತು, ಫೋನಿನಲ್ಲಿ ನಾನು ಮಾತು ತಿರುಗಿಸಿಬಿಡುತ್ತಿದ್ದೆ. ಈ ಕಾಗದವನ್ನು ಮಹಡಿ ಮನೆಯ ರಕ್ಷಾ ಕೈಯಲ್ಲಿ ಕಳಿಸುತ್ತಿದ್ದೇನೆ. ಅವಳು ಕಾಲೇಜಿಗೆಂದು ದಿನಾ ಮೆಟ್ರೋದಲ್ಲಿ ಕೆಂಗೇರಿಗೆ ಹೋಗುತ್ತಾಳಲ್ಲ, ನಿಮ್ಮಕ್ಕ ಗುರುದೇವಿಯ ಮನೆಗೇ ಬಂದು ನಿನ್ನ ಕೈಗೆ ಕೊಡುತ್ತೇನೆಂದಿದ್ದಾಳೆ. ಸೋಮವಾರ ನೀನು ಅನಘಾಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವ ಮೊದಲು ಇದನ್ನು ಪೂರ್ತಿ ಓದಬೇಕು. ಹರಿದೆಸೆಯುವುದಿದ್ದರೆ ಕೊನೆಯ ಪುಟ ಮುಗಿದ ಮೇಲೆ ಹರಿ.

ಮೊನ್ನೆ ಊಟಕ್ಕೆ ಕೂತಾಗ ಉದಯ ಎಲ್ಲ ಹೇಳಿದ. ಮೂರು ವಾರದಿಂದ ಮಾತ್ರೆ ನಿಂತಿದೆ, ಮಗು ಮತ್ತೆ ಮೊದಲಿನ ಹಾಗೆ ನಿಂತಲ್ಲಿ ನಿಲ್ಲುತ್ತಿಲ್ಲ, ಭಾನುವಾರ ಗುರುದೇವಿಯ ಮನೆಯ ಗೇಟು ತೆಗೆದುಕೊಂಡು ರಸ್ತೆಗೆ ಓಡಿ ಟೆಂಪೋ ಮುಂದೆ ಬಿದ್ದಳು, ಡ್ರೈವರು ಬ್ರೇಕು ಹಾಕಿದ್ದರಿಂದ ಮಂಡಿ ತರಚಿದ್ದರಲ್ಲಿ ಮುಗಿಯಿತು. ಹಳೆಯ ಮಾತ್ರೆ ಅವಳ ಮೈಗೆ ಆಗಿಬರುವುದಿಲ್ಲವೆಂದು ಡಾಕ್ಟರು ಬರೆದಿಟ್ಟಿದ್ದಾರೆ, ಸೋಮವಾರ ಅದನ್ನು ಪೂರ್ತಿ ಕೈಬಿಟ್ಟು ಬೇರೆ ಜಾತಿಯ, ಇನ್ನೂ ಭಾರದ ಮಾತ್ರೆ ಶುರುಮಾಡುತ್ತಾರೆ ಎಂದೂ ಹೇಳಿದ. ಸ್ವಂತ ಮಗಳು ಗಾಡಿ ಮುಂದೆ ಬಿದ್ದ ಸುದ್ದಿಯನ್ನು ರೊಟ್ಟಿ ಮುರಿಯುತ್ತ, ಪಂದ್ಯ ಗೆದ್ದವನ ಮುಖ ಮಾಡಿಕೊಂಡು ಹೇಳಿದ. ಒಂದು ತುತ್ತೂ ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ಲ ಮಹಾರಾಯನಿಗೆ.

ನಿನ್ನ ಗಂಡನ ಗುಣವನ್ನು ನಾನು ನಿನಗೆ ಹೇಳಿಕೊಡಬೇಕಾಗಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ. ಪಿಯುಸಿಯಲ್ಲಿ ಕೆಮಿಸ್ಟ್ರಿಯನ್ನು ಎರಡು ಸಲ ಕಟ್ಟಿ ಪಾಸಾದವನು ಈಗ ಬೆಳಿಗ್ಗೆ ಬಚ್ಚಲಲ್ಲಿ ಹತ್ತು ನಿಮಿಷ ಫೋನು ನೋಡಿಕೊಂಡು ಹೊರಗೆ ಬಂದು, ಮಿದುಳಿನ ರಸಾಯನ ಎಂದು ನನಗೆ ಪಾಠ ಮಾಡುತ್ತಾನೆ. ಮಗಳಿಗೆ ಆಟಿಸಂ ಎಂದು ಡಾಕ್ಟರು ಹೇಳಿದ ದಿನ ಇದೇ ಮಹಾನುಭಾವ ಆಫೀಸಿನಲ್ಲಿ ಮೀಟಿಂಗು ಎಂದು ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತಿರಲಿಲ್ಲ.

ಇನ್ನು ಅವನ ಗುರು ಚನ್ನವೀರೇಶ. ನನ್ನ ತಮ್ಮನ ಮಗನೇ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಟೈಲ್ಸ್ ಅಂಗಡಿ ಮುಳುಗಿದ ಮೇಲೆ ಅವನಿಗೆ ವೈದ್ಯವಿದ್ಯೆ ಒಲಿಯಿತು. ಅನ್ನಪೂರ್ಣೇಶ್ವರಿ ನಗರದಲ್ಲಿ ಬೇಕರಿ ಮೇಲಿನ ಎರಡು ಕೋಣೆ ಹಿಡಿದು ಬೋರ್ಡು ಹಾಕಿದ್ದಾನೆ. ಒಂಟೆ ಹಾಲಿನ ಪುಡಿ, ಕಿವಿಗೆ ಎಣ್ಣೆ, ಹೊಟ್ಟೆಗೆ ಮಣ್ಣಿನ ಪಟ್ಟಿ. ಸಂಕ್ರಾಂತಿಗೆ ಎಳ್ಳು ಬೀರಲು ಬಂದವನು ಅನಘಾಳ ಮಣಿಕಟ್ಟು ಹಿಡಿದು, ಕಣ್ಣು ಮುಚ್ಚಿ, ತೊಂಬತ್ತು ದಿನದಲ್ಲಿ ಮಗು ಗಿಣಿಯ ಹಾಗೆ ಮಾತಾಡುತ್ತದೆ ಎಂದ. ಅವನು ಗೋಡೆಗೆ ಅಂಟಿಸಿದ ಟೈಲ್ಸು ತೊಂಬತ್ತು ದಿನ ನಿಲ್ಲುತ್ತಿರಲಿಲ್ಲ. ಏಪ್ರಿಲ್ ಒಂದರಿಂದ ಮಗಳನ್ನು ಅವನ ಕೇಂದ್ರಕ್ಕೆ ಸೇರಿಸುವುದೆಂದು ನಿನ್ನ ಗಂಡ ನಿಶ್ಚಯಿಸಿದ್ದಾನೆ. ಎರಡು ಮಾತ್ರೆಗಳೂ ಸೋತ ಮೇಲೆ ನೀನು ತಾನಾಗಿ ಬಗ್ಗುತ್ತೀಯ ಎಂದು ಕಾಯುತ್ತಿದ್ದಾನೆ.

ನಾನು ವಚನ ಹಾಡಲು ಹೋಗುವ ಅಕ್ಕನ ಬಳಗದ ಹೆಂಗಸರ ಮಾತನ್ನೂ ಕೇಳು. ಹಣೆ ತುಂಬ ವಿಭೂತಿ, ಬಾಯಿ ತುಂಬ ದಯೆ. ತಾಯಿ ಬೆಳಗಾಗೆದ್ದು ಕೆಲಸಕ್ಕೆ ಓಡಿದರೆ ಮಕ್ಕಳು ಹೀಗೆ ಆಗದೆ ಇನ್ನೇನಾಗುತ್ತವೆ ಎಂದು ನನ್ನ ಮುಂದೆಯೇ ಅಂದರು. ನಾನು ತಲೆ ಆಡಿಸಿದೆ. ಅದೂ ನಿನಗೆ ಗೊತ್ತಿರಲಿ.

ನಿನ್ನ ಬಗ್ಗೆಯೂ ನನಗೆ ಅಂಥ ಗೌರವವೇನೂ ಇರಲಿಲ್ಲ ಸೌಮ್ಯ. ಫ್ರಿಜ್ಜಿನ ಮೇಲೆ ನೀನು ಅಂಟಿಸಿದ ಚಿತ್ರಪಟ್ಟಿ, ಹಲ್ಲುಜ್ಜು, ಸ್ನಾನ ಮಾಡು, ಚಪ್ಪಲಿ ಹಾಕು ಎಂದು ಒಂದೊಂದಕ್ಕೂ ಒಂದು ಗೊಂಬೆ, ಇವನ್ನೆಲ್ಲ ನೋಡಿ ನಾನು ಒಳಗೊಳಗೇ ನಗುತ್ತಿದ್ದೆ. ಅರವತ್ತು ಮಕ್ಕಳ ತರಗತಿಯನ್ನು ಹುಬ್ಬು ಏರಿಸಿ ಸುಮ್ಮನಿರಿಸಿದವಳು ನಾನು. ಒಂದು ಮಗುವಿಗೆ ಇಷ್ಟು ಸಾಮಾನು ಬೇಕೆ ಅನ್ನಿಸುತ್ತಿತ್ತು. ಆದರೆ ಆ ಮಗು ನನ್ನ ಹುಬ್ಬನ್ನು ನೋಡುತ್ತಲೇ ಇರಲಿಲ್ಲ. ಅಲ್ಮೇರಾ ಮೇಲೆ ಹತ್ತುತ್ತಿತ್ತು, ಮಹಡಿ ಮೆಟ್ಟಿಲನ್ನು ನಲವತ್ತು ಸಲ ಹತ್ತಿ ಇಳಿಯುತ್ತಿತ್ತು, ಬೀದಿಯ ಪ್ರತಿ ಗೇಟಿನ ಚಿಲಕವನ್ನೂ ಒಮ್ಮೆ ತಟ್ಟದೆ ಮುಂದೆ ಹೋಗುತ್ತಿರಲಿಲ್ಲ. ನನ್ನ ವಿದ್ಯೆಯೆಲ್ಲ ಅಲ್ಲಿ ದಂಡವಾಯಿತು. ಸೋತವಳು ಸುಮ್ಮನಿರಬೇಕಿತ್ತು. ಕುಣಿಯಲಾರದವಳಿಗೆ ನೆಲ ಡೊಂಕು, ನಾನು ನಿನ್ನನ್ನು ಡೊಂಕು ಅಂದೆ.

ಡಿಸೆಂಬರಿನಲ್ಲಿ ಮಾತ್ರೆ ಶುರುವಾದಾಗಲೂ ಅಷ್ಟೇ. ಚೀಟಿ ಹಿಡಿದು ಇಬ್ಬರೂ ಎಷ್ಟು ಔಷಧದಂಗಡಿ ಅಲೆದೆವು! ಕೊನೆಗೆ ರಾಜಾಜಿನಗರದ ಒಂದು ಅಂಗಡಿಯಲ್ಲಿ ಸಿಕ್ಕಿತು. ಅಂಗಡಿಯವನು ಚೀಟಿಯ ಒಂದು ಪ್ರತಿಯನ್ನು ತಾನೇ ಇಟ್ಟುಕೊಂಡ, ದೊಡ್ಡ ಪುಸ್ತಕದಲ್ಲಿ ಹೆಸರು ಬರೆದ, ಇದನ್ನು ಸಿಕ್ಕಸಿಕ್ಕವರಿಗೆ ಕೊಡುವ ಹಾಗಿಲ್ಲ ಎಂದ. ನಾನು ಅವನ ಎದುರಿಗೇ, ಮಕ್ಕಳನ್ನು ಮಾತ್ರೆ ಕೊಟ್ಟು ಕೂರಿಸುವುದಾದರೆ ದೇಶಕ್ಕೆ ಮೇಷ್ಟರು ಯಾಕೆ ಬೇಕು ಎಂದೆ. ನೀನು ಮಾತ್ರೆಯನ್ನು ಬ್ಯಾಗಿಗೆ ಹಾಕಿಕೊಂಡೆ. ಇದು ಆಟಿಸಂ ವಾಸಿ ಮಾಡುವುದಿಲ್ಲ, ಚಡಪಡಿಕೆ ಇಳಿಸಿ ಗಮನ ನಿಲ್ಲಿಸಲು ಮಾತ್ರ, ಇಂಥ ಮಕ್ಕಳಲ್ಲಿ ಅರ್ಧ ಮಕ್ಕಳಿಗೆ ಹಿಡಿಸೀತು, ಅರ್ಧ ಮಕ್ಕಳಿಗೆ ಇಲ್ಲ, ಆದ್ದರಿಂದ ಕಡಿಮೆಯಿಂದ ಶುರುಮಾಡಿ ನಿಧಾನವಾಗಿ ನೋಡೋಣ ಎಂದು ಡಾಕ್ಟರು ಹೇಳಿದ್ದನ್ನು ನೀನು ಮನೆಯಲ್ಲಿ ಎಲ್ಲರಿಗೂ ಎರಡೆರಡು ಸಲ ಹೇಳಿದೆ. ನಾನು ಟಿವಿಯ ಸದ್ದು ಜೋರು ಮಾಡಿದೆ.

ಮಧ್ಯಾಹ್ನ ತಟ್ಟೆಯಲ್ಲಿ ಅರ್ಧ ರೊಟ್ಟಿ ಉಳಿಯತೊಡಗಿದಾಗ ನನಗೆ ಒಂದು ಆಯುಧ ಸಿಕ್ಕಿತು. ನಮ್ಮ ಮನೆಯಲ್ಲಿ ತಟ್ಟೆಯಲ್ಲಿ ಒಂದಗುಳು ಬಿಟ್ಟವರಿಲ್ಲ, ಪ್ರಸಾದ ಬಿಡುವ ಹಾಗೆ ಮಾಡುವ ಮದ್ದು ಎಂಥ ಮದ್ದು ಎಂದು ನೆಂಟರಿಗೆಲ್ಲ ಹೇಳಿದೆ. ಮಾತ್ರೆಗೆ ಮುಂಚೆ ಹೊಟ್ಟೆ ತುಂಬ ತಿನ್ನಿಸಿ, ಸಂಜೆ ಹಸಿವಾದಾಗ ಇನ್ನೊಮ್ಮೆ ಕೊಡಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಸಂಜೆ ಅವಳು ಎರಡು ರೊಟ್ಟಿ ತಿನ್ನುತ್ತಿದ್ದದ್ದನ್ನು ನಾನು ಯಾವ ನೆಂಟರಿಗೂ ಹೇಳಲಿಲ್ಲ.

ಇನ್ನೊಂದನ್ನೂ ಹೇಳಲಿಲ್ಲ. ಜನವರಿಯ ಒಂದು ಶನಿವಾರ ನಾನು ಅವರೆಕಾಯಿ ಸುಲಿಯುತ್ತ ಕೂತಿದ್ದೆ. ಅನಘಾ ಬಂದು ಪಕ್ಕದಲ್ಲಿ ಕೂತಳು. ಒಂದು ಕಾಯಿ ತೆಗೆದುಕೊಂಡಳು, ನಾನು ಮಾಡುವುದನ್ನು ನೋಡಿದಳು, ತಾನೂ ಬಿಡಿಸಿದಳು. ಕಾಳು ಬೋಗುಣಿಗೆ, ಸಿಪ್ಪೆ ಮೊರಕ್ಕೆ. ಗಡಿಯಾರ ನೋಡಿದೆ, ಇಪ್ಪತ್ತೆರಡು ನಿಮಿಷ. ಒಂಬತ್ತು ವರ್ಷದಲ್ಲಿ ಆ ಮಗು ನನ್ನ ಪಕ್ಕ ಇಪ್ಪತ್ತೆರಡು ನಿಮಿಷ ಕೂತಿರಲಿಲ್ಲ. ಕೊನೆಯಲ್ಲಿ ಒಂದು ಕಾಳನ್ನು ನನ್ನ ಅಂಗೈಗೆ ಇಟ್ಟು, ಬೀದಿಯವರೆಲ್ಲ ನನ್ನನ್ನು ಕರೆಯುವ ಹಾಗೆ, ಟೀಚರಮ್ಮ ಅಂದಳು. ನನಗೆ ಅಳು ಬಂತು. ಸಂಜೆ ನೀನು ಪೇಟೆಯಿಂದ ಬಂದು ಹೇಗಿದ್ದಳು ಎಂದು ಕೇಳಿದೆ. ಎಂದಿನಂತೆ ಎಂದೆ. ಮಾತ್ರೆ ಕೆಲಸ ಮಾಡುತ್ತಿದೆ ಎಂದರೆ ನೀನು ಗೆದ್ದ ಹಾಗಾಗುತ್ತಿತ್ತಲ್ಲ.

ಫೆಬ್ರವರಿಯಲ್ಲಿ ಮಾತ್ರೆ ಬದಲಾಯಿತು. ಮೊದಲಿನದು ಮೂರು ನಾಲ್ಕು ಗಂಟೆಗೆ ಇಳಿದುಹೋಗುತ್ತದೆ, ಶಾಲೆಯಲ್ಲಿ ಮಧ್ಯಾಹ್ನ ಇನ್ನೊಂದು ಕೊಡುವವರಿಲ್ಲ, ಹಾಗಾಗಿ ಅದೇ ಮದ್ದು, ಆದರೆ ದಿನಪೂರ್ತಿ ಸ್ವಲ್ಪ ಸ್ವಲ್ಪವೇ ಬಿಡುವಂಥದ್ದು ಎಂದು ಡಾಕ್ಟರು ಬರೆದುಕೊಟ್ಟರು. ಮೊದಲಿನದನ್ನು ನೀನೇ ಬಾಳೆಹಣ್ಣಿನಲ್ಲಿ ಪುಡಿಮಾಡಿ ಕೊಡುತ್ತಿದ್ದೆ, ನನಗೂ ಹಾಗೇ ಕೊಡಿ ಎಂದಿದ್ದೆ. ಇದನ್ನು ಮಾತ್ರ ಅರೆಯಬಾರದು, ಮುರಿಯಬಾರದು, ಇಡಿಯಾಗಿ ನುಂಗಬೇಕು ಎಂದು ಡಾಕ್ಟರು ಹೇಳಿದರು, ಔಷಧದಂಗಡಿಯವನು ಹೇಳಿದ, ನೀನು ಡಬ್ಬಿಯ ಮೇಲೆ ಕೆಂಪು ಅಕ್ಷರದಲ್ಲಿ ಬರೆದೂ ಇಟ್ಟೆ. ಅವಳಿಗೆ ನುಂಗಲು ಕಲಿಸುವುದಕ್ಕೆ ಜನವರಿ ಕೊನೆಯಿಂದಲೇ ಸಕ್ಕರೆ ಕಾಳಿನಲ್ಲಿ ಅಭ್ಯಾಸ ಶುರುಮಾಡಿದ್ದೆ. ಮೊದಲು ಸಾಸಿವೆಯಷ್ಟು, ಆಮೇಲೆ ಮೆಣಸಿನಷ್ಟು, ಆಮೇಲೆ ಬಟಾಣಿಯಷ್ಟು. ಒಂದು ಕಾಳು ನುಂಗಿದರೆ ಒಂದು ಚಪ್ಪಾಳೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎಂದು ನಾನು ಅಡುಗೆಮನೆಯಿಂದ ಅಂದದ್ದು ನಿನಗೆ ಕೇಳಿಸಿತು. ಚಪ್ಪಾಳೆ ನಿಲ್ಲಿಸಲಿಲ್ಲ ನೀನು. ನಾಲ್ಕು ದಿನ ಲ್ಯಾಬಿಗೆ ರಜೆ ಹಾಕಿ ನೀನೇ ನುಂಗಿಸಿದೆ. ರಜೆ ಮುಗಿಯಿತು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬರುವವರು ಕಾಯುತ್ತಾರೆಂದು ನೀನು ಆರೂವರೆಗೇ ವಿಜಯನಗರಕ್ಕೆ ಹೊರಡಬೇಕು, ಅವಳಿಗೆ ಎಂಟಕ್ಕೆ ತಿಂಡಿಯಾದ ಮೇಲೆ ಮಾತ್ರೆ. ಆರನೇ ತಾರೀಕಿನ ಶುಕ್ರವಾರದಿಂದ ಶಾಲೆಯ ದಿನಗಳಲ್ಲಿ ಅದು ನನ್ನ ಪಾಲಿಗೆ ಬಂತು. ಶನಿವಾರ ಭಾನುವಾರ ನೀನೇ ಕೊಡುತ್ತಿದ್ದೆ.

ನಿನ್ನ ಕೈಯಲ್ಲಿ ಮುಕ್ಕಾಲು ಗಂಟೆ, ನನ್ನ ಕೈಯಲ್ಲಿ ಒಂದು ನಿಮಿಷ. ಆಯಿತು, ನುಂಗಿದಳು ಎಂದು ದಿನಾ ಎಂಟೂಕಾಲಿಗೆ ನಿನಗೆ ಫೋನು ಮಾಡುತ್ತಿದ್ದೆ. ನಿಮ್ಮ ಕೈಗುಣ ಅತ್ತೆ ಎಂದು ನೀನು ಅಂದಾಗ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಅದನ್ನು ಅಕ್ಕನ ಬಳಗದಲ್ಲೂ ಹೇಳಿದೆ, ಚನ್ನವೀರೇಶನಿಗೂ ಹೇಳಿದೆ.

ಶಾಲೆಯಿಂದ ದೂರು ಬರತೊಡಗಿದ್ದು ಆಗಲೇ. ಬೆಳಿಗ್ಗೆ ಬಂದಾಗ ಮಗು ಬೆವರುತ್ತದೆ, ಬೆರಳಿನ ಸಿಪ್ಪೆ ಕಿತ್ತುಕೊಳ್ಳುತ್ತದೆ, ಸುಮ್ಮಸುಮ್ಮನೆ ಅಳುತ್ತದೆ, ಮಧ್ಯಾಹ್ನ ಎರಡಾದರೆ ಹಿಡಿಯಲಾಗುವುದಿಲ್ಲ ಎಂದು ಅವಳ ತರಗತಿಯ ಮಿಸ್ಸು ಡೈರಿಯಲ್ಲಿ ಬರೆದು ಕಳಿಸುತ್ತಿದ್ದಳು. ಶನಿವಾರ ಭಾನುವಾರ ಮಗು ಚೆನ್ನಾಗಿಯೇ ಇರುತ್ತಿತ್ತು. ಶಿವರಾತ್ರಿಯ ದಿನ, ಅದೂ ಭಾನುವಾರ, ಪೂಜೆ ಮುಗಿಯುವವರೆಗೆ ನಿನ್ನ ಮಗ್ಗುಲಲ್ಲಿ ಬಿಲ್ವಪತ್ರೆ ಜೋಡಿಸುತ್ತ ಕೂತಿದ್ದಳು. ಹಾಗಾದರೆ ದೋಷ ಶಾಲೆಯದೇ ಎಂದು ನೀನು ತೀರ್ಮಾನಿಸಿದೆ. ಹೋಗಿ ಆ ಮಿಸ್ಸಿನ ಜೊತೆ ಜಗಳವಾಡಿದೆ. ನಾನೂ ಜೊತೆಗಿದ್ದು ನಾಲ್ಕು ಮಾತು ಸೇರಿಸಿದೆ. ಇಪ್ಪತ್ತಮೂರು ವರ್ಷದ ಹುಡುಗಿ, ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡರೆ ಮೇಷ್ಟರಾಗುವುದಿಲ್ಲ ಎಂದೆ. ಆ ಹುಡುಗಿಯ ಕಣ್ಣಲ್ಲಿ ನೀರು ಬಂತು. ಶಾಲೆಯವರು ಮುಂದಿನ ವರ್ಷಕ್ಕೆ ಸೀಟು ಕೊಡುವುದನ್ನು ಈ ತಿಂಗಳ ಕೊನೆಗೆ ನೋಡೋಣ ಎಂದರು.

ಇಪ್ಪತ್ತನೇ ತಾರೀಕಿನದು ನಿನಗೆ ಗೊತ್ತಿರುವುದೇ. ವ್ಯಾನಿನಲ್ಲಿ ವಾಂತಿ, ಶಾಲೆಯಲ್ಲಿ ಕೈಕಾಲು ನಡುಕ, ಎದೆ ಓಡುವುದು ಅಂಗಿಯ ಮೇಲಿಂದಲೇ ಕಾಣುತ್ತಿತ್ತಂತೆ. ನೀನು ಲ್ಯಾಬಿನ ಕೋಟಿನಲ್ಲೇ ಓಡಿದೆ. ಸಂಜೆಯವರೆಗೆ ಆಸ್ಪತ್ರೆಯಲ್ಲಿ ಇಟ್ಟುಕೊಂಡು ನೋಡಿದರು. ನಾಡಿ ಇಳಿದ ಮೇಲೆ ಡಾಕ್ಟರು ನಮ್ಮೆಲ್ಲರನ್ನೂ ಒಳಗೆ ಕರೆದು ಮೊದಲು ಕೇಳಿದ್ದು ಒಂದೇ ಪ್ರಶ್ನೆ, ಮಾತ್ರೆಯನ್ನು ಯಾರಾದರೂ ಪುಡಿಮಾಡಿ ಕೊಟ್ಟಿರಾ ಎಂದು. ಪುಡಿಯಾದರೆ ದಿನಪೂರ್ತಿ ಬಿಡಬೇಕಾದದ್ದು ಒಂದೇ ಸಲಕ್ಕೆ ಮೈಗೆ ಇಳಿಯುತ್ತದೆ, ಆಗ ಹೀಗೇ ಆಗುತ್ತದೆ, ಆಮೇಲೆ ಮಧ್ಯಾಹ್ನಕ್ಕೆ ಏನೂ ಉಳಿದಿರುವುದಿಲ್ಲ ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ, ನಾನು ಸೆರಗಿನಿಂದ ಕೈ ಮುಚ್ಚಿಕೊಂಡೆ. ಯಾರೂ ನನ್ನ ಕಡೆ ನೋಡಲೇ ಇಲ್ಲ. ನೀನು ಒಂದು ಕ್ಷಣವೂ ಯೋಚಿಸದೆ ಉತ್ತರ ಕೊಟ್ಟೆ.

“ಇಲ್ಲ ಡಾಕ್ಟ್ರೇ, ಬೆಳಿಗ್ಗೆ ಕೊಡೋದು ನಮ್ಮತ್ತೆ. ಟೀಚರ್ ಆಗಿದ್ದೋರು ಅವ್ರು, ಹೇಳಿದ್ದನ್ನ ಹೇಳ್ದಂಗೇ ಮಾಡ್ತಾರೆ.”

ಹನ್ನೊಂದು ವರ್ಷದಲ್ಲಿ ನಾನು ನಿನ್ನ ಬಗ್ಗೆ ಯಾರ ಮುಂದೆಯೂ ಅಂಥ ಒಂದು ಮಾತು ಆಡಿಲ್ಲ. ನೀನು ಆಡಿದೆ. ನಾನು ಸುಮ್ಮನೆ ನಿಂತೆ. ಹಾಗಾದರೆ ಮಾತ್ರೆಯೇ ಇವಳಿಗೆ ಆಗುತ್ತಿಲ್ಲ ಎಂದು ಡಾಕ್ಟರು ಬರೆದರು. ಹೊರಗೆ ಬಂದ ಕೂಡಲೇ ಉದಯ, ಕಾರಿಡಾರಿನಲ್ಲಿ ಜನ ನೋಡುತ್ತಿದ್ದಾರೆಂಬ ಪರಿವೆಯಿಲ್ಲದೆ, ನಿನ್ನ ಹಠಕ್ಕೆ ಮಗಳನ್ನು ಕೊಲ್ಲುತ್ತಿದ್ದೆ ಎಂದು ನಿನ್ನ ಮೇಲೆ ಕೂಗಾಡಿದ. ನೀನು ಅನಘಾಳನ್ನು ಹೆಗಲಿಗೆ ಹಾಕಿಕೊಂಡು ಆಟೋ ಹತ್ತಿ ಕೆಂಗೇರಿಗೆ ಹೋದೆ. ಆಗಲೂ ನಾನು ಸುಮ್ಮನೆ ನಿಂತೆ.

ಈಗ ಹೇಳುತ್ತೇನೆ. ನಾನು ಅದನ್ನು ತೇಯ್ದು ಕೊಟ್ಟೆ.

ಆ ಇಪ್ಪತ್ತನೇ ತಾರೀಕು ಬೆಳಿಗ್ಗೆ ಅವಳು ಬಾಯಿ ಬಿಗಿಹಿಡಿದಳು. ಎರಡು ಸಲ ಉಗಿದಳು. ವ್ಯಾನಿನ ಹಾರ್ನು ಕೇಳಿಸುತ್ತಿತ್ತು. ನಿನಗೆ ಫೋನು ಮಾಡಿ ನುಂಗಲಿಲ್ಲ ಎನ್ನಲು ನನಗೆ ನಾಲಿಗೆ ಬರಲಿಲ್ಲ. ಉದಯನಿಗೆ ಮೂರು ತಿಂಗಳಿದ್ದಾಗ ಬಜೆ, ಜಾಯಿಕಾಯಿ ತೇಯ್ದು ಒಳಲೆಯಲ್ಲಿ ಕುಡಿಸಿದ್ದ ಸಾಣೆಕಲ್ಲು ದೇವರ ಗೂಡಿನ ಕೆಳಗೇ ಇದೆ. ಒಂದು ಚಮಚ ಜೇನುತುಪ್ಪ ಹಾಕಿ ಮಾತ್ರೆಯನ್ನು ಅದರ ಮೇಲೆ ತೇಯ್ದೆ. ಸುಲಭಕ್ಕೆ ಸವೆಯಲಿಲ್ಲ, ಮೇಲಿನ ಸಿಪ್ಪೆ ಗಟ್ಟಿ. ಅದನ್ನು ಅಷ್ಟು ಗಟ್ಟಿ ಮಾಡಿದವರಿಗೆ ಒಂದು ಕಾರಣವಿದ್ದೀತು ಎಂದು ಹೊಳೆಯಲಿಲ್ಲ. ಒಳಲೆಯಿಂದ ಬಾಯಿಗೆ ಹಾಕಿದೆ, ನುಂಗಿದಳು. ಡಿಸೆಂಬರಿನ ಮಾತ್ರೆಯನ್ನು ಪುಡಿಮಾಡಬಹುದಾದರೆ ಇದಕ್ಕೇನು ಬಂತು, ಇದೆಲ್ಲ ಬೆಂಗಳೂರಿನ ಡಾಕ್ಟರುಗಳ ಹೊಸ ಮಡಿ ಎಂದುಕೊಂಡೆ. ಗೊತ್ತಿಲ್ಲದೆ ಮಾಡಿದ್ದು ಸೌಮ್ಯ. ಮನೆಮದ್ದಿನ ಮನೆಯಲ್ಲಿ ಬೆಳೆದವಳು, ಮದ್ದೆಂದರೆ ತೇಯ್ದು ಕೊಡುವುದು ಎಂದೇ ಕೈಗೆ ಅಭ್ಯಾಸ.

ನೀವೆಲ್ಲ ಹೊರಟ ಮೇಲೆ ಖಾಲಿ ಮನೆಗೆ ಬಂದು ಮೊದಲು ಆ ಕಲ್ಲನ್ನು ತೊಳೆದಿಟ್ಟೆ. ಆಮೇಲೆ ದೀಪ ಹಚ್ಚಿದೆ. ನನ್ನ ಭಕ್ತಿ ಅಂಥದ್ದು.

ಮೊನ್ನೆ ಟೆಂಪೋ ಸುದ್ದಿ ಕೇಳಿ ಅನ್ನದ ಸೌಟು ಕೆಳಗಿಟ್ಟೆ. ಉದಯನ ಎದುರಿಗೆ ಕೂತು, ಹೀಗೆ ಹೀಗೆ, ಆ ದಿನ ನಾನೇ ತೇಯ್ದು ಕೊಟ್ಟದ್ದು, ಸೌಮ್ಯಳದೇನೂ ತಪ್ಪಿಲ್ಲ, ಈಗಲೇ ಡಾಕ್ಟರಿಗೆ ಹೇಳೋಣ ಎಂದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ಮಗ ಎನ್ನುತ್ತಿದ್ದೆ. ಅವನು ಮಜ್ಜಿಗೆ ಕುಡಿದು ಲೋಟ ಇಟ್ಟ.

“ಸುಮ್ನಿರಮ್ಮ ಈಗ. ಇದನ್ನ ಹೇಳಿದ್ರೆ ಅವ್ಳು ನಮ್ಮ ತಲೆ ಮೇಲೆ ಕೂರ್ತಾಳೆ. ಹೆಂಗೂ ಆ ಮಾತ್ರೆ ನಿಲ್ತಲ್ಲ, ಬಿಡು.”

ಆ ಮಾತನ್ನು ಅವನು ಎಲ್ಲಿಂದ ಕಲಿತ ಎಂದು ಯೋಚಿಸಬೇಕಾಗಲಿಲ್ಲ. ಇಪ್ಪತ್ತೆರಡು ನಿಮಿಷ ಅವರೆಕಾಯಿ ಸುಲಿದ ಮಗುವಿನ ಸುದ್ದಿಯನ್ನು ನುಂಗಿಕೊಂಡವಳು ನಾನು. ಅವನು ನನಗಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದಾನೆ ಅಷ್ಟೆ. ಇಂಥವನನ್ನು ಹೆತ್ತು, ಅವನನ್ನು ತಿದ್ದುವ ಕೆಲಸವನ್ನು ನಿನಗೆ ಹಚ್ಚಿ, ಅದೂ ಸಾಲದೆಂದು ನಿನ್ನನ್ನೇ ಡೊಂಕು ಅಂದೆ. ಇವತ್ತು ಬೆಳಿಗ್ಗೆ ಅವನು ಆಫೀಸಿಗೆ ಹೊರಡುವಾಗ ನನ್ನ ಫೋನನ್ನು ಕೇಳಿ ಇಸಕೊಂಡು ಯಾರಿಗೆ ಮಾಡಿದ್ದೇನೆಂದು ನೋಡಿದ. ಅದಕ್ಕೇ ಕಾಗದ.

ಡಾಕ್ಟರು ಬರೆಯಬೇಕೆಂದಿರುವ ಹೊಸ ಮಾತ್ರೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ಹೇಳಲು ನಾನು ಯಾರು. ಅದೂ ಕೆಲವು ಮಕ್ಕಳಿಗೆ ಬೇಕಾಗುತ್ತದೆಯಂತೆ, ತೂಕ ಏರುತ್ತದೆ, ನಿದ್ದೆ ಹೆಚ್ಚುತ್ತದೆ, ಆದರೂ ಬೇಕಾದವರಿಗೆ ಬೇಕು ಎಂದು ರಕ್ಷಾ ಓದಿ ಹೇಳಿದಳು. ಅನಘಾಳಿಗೆ ಅದು ಬೇಕೋ ಬೇಡವೋ ಎನ್ನುವುದನ್ನು ನನ್ನ ಸುಳ್ಳಿನ ಮೇಲೆ ಯಾರೂ ತೀರ್ಮಾನಿಸಬಾರದು, ಅಷ್ಟೇ ನನ್ನ ಮಾತು. ಅವಳನ್ನು ನನ್ನ ಪಕ್ಕ ಕೂರಿಸಿದ ಮಾತ್ರೆಯ ಮೇಲೆ ಕಳ್ಳತನದ ಆರೋಪ ಹೊರಿಸಿ ಕಳಿಸಿದ್ದೇವೆ. ಕದ್ದವಳು ಮನೆಯಲ್ಲಿದ್ದಾಳೆ.

ಸೋಮವಾರ ಹತ್ತೂವರೆಗೆ ನಾನು ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಇರುತ್ತೇನೆ. ನೀನು ಮಾತಾಡಬೇಕಾಗಿಲ್ಲ. ಒಳಗೆ ಕರೆದರೆ ಡಾಕ್ಟರಿಗೆ ನಾನೇ ಹೇಳುತ್ತೇನೆ, ಕರೆಯದಿದ್ದರೆ ಈ ಕಾಗದವನ್ನು ಅವರ ಮೇಜಿನ ಮೇಲೆ ಇಡು. ನಿನ್ನ ಗಂಡನಿಗೂ ತೋರಿಸು. ಅಕ್ಕನ ಬಳಗದಲ್ಲಿ ಓದಬೇಕೆಂದರೂ ಓದು. ಇನ್ನು ಮುಂದೆ ಬೆಳಗಿನ ಮಾತ್ರೆಯನ್ನು ನನ್ನ ಕೈಗೆ ಕೊಡಬೇಡ, ನಾನು ಎಷ್ಟು ಬೇಡಿಕೊಂಡರೂ ಕೊಡಬೇಡ. ಮನೆಗೆ ಬಾ ಎಂದು ಕರೆಯುವ ಯೋಗ್ಯತೆ ನನಗಿಲ್ಲ. ಮಗುವನ್ನು ದೂರದಿಂದ ಒಂದು ಸಲ ನೋಡುವ ಆಸೆ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಇಂತಿ,
ನಿನ್ನ ಒಳ್ಳೆಯ ಮಾತಿಗೆ ಯೋಗ್ಯಳಲ್ಲದ
ನೀಲಗಂಗಮ್ಮ ಕರಿಬಸಪ್ಪ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಕಾಗದ ಮಡಚಿ ಲಕೋಟೆಗೆ ಹಾಕಿ, ಮತ್ತೆ ತೆಗೆದು ಬರೆಯುತ್ತಿದ್ದೇನೆ. ಉದಯನಿಗೂ ಅರ್ಧವೇ ಹೇಳಿದೆ, ನಿನಗೂ ಮೇಲೆ ಅರ್ಧವೇ ಬರೆದೆ. ತೇಯ್ದದ್ದು ಒಂದು ದಿನವಲ್ಲ. ಆರನೇ ತಾರೀಕಿನಿಂದ ಇಪ್ಪತ್ತನೆಯದರವರೆಗೆ, ಶಾಲೆಯಿದ್ದ ಹನ್ನೊಂದೂ ದಿನ ತೇಯ್ದೆ. ಅವಳು ನನ್ನ ಕೈಯಿಂದ ಒಂದು ದಿನವೂ ಇಡೀ ಮಾತ್ರೆ ನುಂಗಿಲ್ಲ. ಶಾಲೆಯವರ ತಪ್ಪು ಎಳ್ಳಷ್ಟೂ ಇಲ್ಲ, ಆ ಮಿಸ್ಸಿನ ಹತ್ತಿರ ನಾನೇ ಹೋಗುತ್ತೇನೆ. ಡಾಕ್ಟರಿಗೆ ಹನ್ನೊಂದು ಎಂದೇ ಹೇಳಬೇಕು, ಕಡಿಮೆ ಹೇಳಿದರೆ ಅವರ ಲೆಕ್ಕ ಮತ್ತೆ ತಪ್ಪುತ್ತದೆ. ಬಾಯಿ ಬಿಗಿಹಿಡಿದು ಉಗಿದದ್ದು ಆರನೇ ತಾರೀಕು, ಆಮೇಲೆ ಒಳಲೆ ಕಂಡರೆ ಸಾಕು, ಮಗು ತಾನಾಗಿ ಬಾಯಿ ತೆರೆಯುತ್ತಿತ್ತು. ನಾಲ್ಕನೆಯ ದಿನವೇ ವ್ಯಾನು ಹತ್ತಿಸುವಾಗ ಅವಳ ಕೈ ನನ್ನ ಕೈಯಲ್ಲಿ ನಡುಗಿತು, ಯಾಕೆಂದು ನನಗೆ ಅನುಮಾನ ಬಂತು. ಮಾರನೆಯ ದಿನವೂ ತೇಯ್ದೆ, ನಿನಗೆ ಫೋನು ಮಾಡಿ ನುಂಗಿದಳು ಎಂದೆ. ಗೊತ್ತಿಲ್ಲದೆ ಮಾಡಿದ್ದು ಎಂದು ಮೇಲೆ ಒಂದು ಸಾಲು ಬರೆದಿದ್ದೇನೆ, ಅದನ್ನು ಹೊಡೆದುಹಾಕು.